ಮರಳಿ ಬರುವ ನಮಸ್ಕಾರ

ಹೊಸ ಭಾಷೆಯೊಂದನ್ನು ಕಲಿಯತೊಡಗಿದವರಿಗೆ ಮೊದಲನೆಯ ಪಾಠದಲ್ಲಿಯೇ ದೊರೆಯುವುದು ವಂದನೆಯ ಶಬ್ದ. ಇಟಾಲಿಯನ್ ಭಾಷೆಯ ಪಾಠಗಳಲ್ಲಿ ಆ ಶಬ್ದ ‘ಚಾವೊ’. ಉಚ್ಚರಿಸಲು ಎರಡೇ ಅಕ್ಷರ. ವಿಭಕ್ತಿಯ ಗೊಡವೆಯಿಲ್ಲ, ಲಿಂಗಭೇದವಿಲ್ಲ, ಹೊತ್ತಿನ ನಿಯಮವಿಲ್ಲ. ಭೇಟಿಯಾದಾಗಲೂ ಚಾವೊ, ಅಗಲುವಾಗಲೂ ಚಾವೊ. ಇದಕ್ಕಿಂತ ಸುಲಭವಾದ ಪಾಠ ಇನ್ನಾವುದಿದ್ದೀತು ಎಂದು ವಿದ್ಯಾರ್ಥಿಯು ಹಿಗ್ಗುವನು. ಆದರೆ ವ್ಯಾಕರಣವನ್ನೆಲ್ಲ ಚೆನ್ನಾಗಿ ಕಲಿತ ಮೇಲೂ ಪರಸ್ಥಳದವರು ಎಡವುವುದು ಈ ಎರಡಕ್ಷರದ ಮೇಲೆಯೇ. ಕ್ರಿಯಾಪದ ತಪ್ಪಿದರೆ ಕೇಳುವವರು ನಕ್ಕು ತಿದ್ದುವರು. ವಂದನೆ ತಪ್ಪಿದರೆ ಯಾರೂ ತಿದ್ದುವುದಿಲ್ಲ. ಮನಸ್ಸಿನಲ್ಲಿಯೇ ನಮ್ಮನ್ನು ಅಳೆದುಬಿಡುವರು.

ಈ ಸಮಸ್ಯೆಯನ್ನು ಅರಿಯಲು ನಾವು ಇಟಲಿಯವರೆಗೆ ಪ್ರಯಾಣ ಮಾಡಬೇಕಾಗಿಲ್ಲ. ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಸವದತ್ತಿ, ರಾಮದುರ್ಗ, ಕಿತ್ತೂರುಗಳ ಪೇಟೆಯಲ್ಲಿ ಅರ್ಧ ದಿನ ಕಿವಿಗೊಟ್ಟು ನಿಂತರೆ ಸಾಕು. ಇಟಲಿಯ ಭಾಷಾಪಾಠದಲ್ಲಿ ಬರುವ ಪ್ರತಿಯೊಂದು ತೊಡಕೂ ಇಲ್ಲಿ ಎದುರಾಗುವುದು. ಮಲೆನಾಡಿನಿಂದಲೋ ಮೈಸೂರಿನ ಕಡೆಯಿಂದಲೋ ಬಂದ ಕನ್ನಡಿಗನಿಗೂ ಇಲ್ಲಿಯ ಆಡುಮಾತು ಅರ್ಧ ಹೊಸ ಭಾಷೆಯೇ ಸರಿ. ನಾವೂ ಹಾಗೆ ಹೊಸಬರಾಗಿ ಬಂದು, ಇದನ್ನು ಕಲಿತವರು. ಕಲಿಯುವಾಗ ಮಾಡಿದ ಒಂದು ತಪ್ಪನ್ನು ಮುಂದೆ ಮುಚ್ಚಿಡದೆ ಹೇಳುವೆವು. ಈ ಲೇಖನಕ್ಕೆ ಆ ತಪ್ಪೇ ಕಾರಣ.

ಬೈಲಹೊಂಗಲದ ‘ರಿ’

ಬೈಲಹೊಂಗಲಕ್ಕೆ ಬಂದಿಳಿದವನ ಕಿವಿಗೆ ಮೊದಲು ಬೀಳುವುದು ‘ರಿ’ ಎಂಬ ಅಕ್ಷರ. ‘ಬರ್ರಿ’, ‘ಕುಂದರ್ರಿ’, ‘ಹೌದ್ರಿ’, ‘ಇಲ್ರಿ’, ‘ಎಷ್ಟ್ರಿ?’, ‘ಯಾಕ್ರಿ?’, ‘ನಮಸ್ಕಾರ್ರಿ’, ‘ಶರಣ್ರಿ’. ಇದು ಎಲ್ಲಿಂದ ಬಂದಿತು?

ಗ್ರಂಥಭಾಷೆಯಲ್ಲಿ ಮಧ್ಯಮ ಪುರುಷದ ಬಹುವಚನದ ವಿಧ್ಯರ್ಥರೂಪಗಳು ‘ಬನ್ನಿರಿ’, ‘ಕೇಳಿರಿ’, ‘ನೋಡಿರಿ’ ಎಂದಿರುವುದನ್ನು ಶಾಲೆಯಲ್ಲಿ ಓದಿರುವೆವು. ದಕ್ಷಿಣದ ಆಡುಮಾತಿನಲ್ಲಿ ಇವುಗಳ ಕೊನೆಯ ‘ರಿ’ ಸವೆದುಹೋಗಿ ‘ಬನ್ನಿ, ಕೇಳಿ, ನೋಡಿ’ ಎಂದಾಯಿತು. ಉತ್ತರದಲ್ಲಿ ಅದಕ್ಕೆ ವಿಪರೀತವಾಗಿ ನಡುವಿನ ಸ್ವರವು ಅಡಗಿ ‘ರಿ’ ಗಟ್ಟಿಯಾಗಿ ನಿಂತಿತು: ಬರ್ರಿ, ಕೇಳ್ರಿ, ನೋಡ್ರಿ. ಇಷ್ಟೇ ಆಗಿದ್ದರೆ ಇದು ಉಚ್ಚಾರಣೆಯ ಭೇದವೆಂದು ಬಿಟ್ಟುಬಿಡಬಹುದಾಗಿತ್ತು. ಆದರೆ ಇಲ್ಲಿ ‘ರಿ’ ಕ್ರಿಯಾಪದವನ್ನು ಬಿಟ್ಟು ಹೊರಗೆ ಬಂದು, ಯಾವ ಪದಕ್ಕೆ ಬೇಕಾದರೂ ಅಂಟಿಕೊಳ್ಳುವ ಸ್ವಾತಂತ್ರ್ಯವನ್ನು ಪಡೆಯಿತು. ‘ಹೌದು’, ‘ಇಲ್ಲ’, ‘ಎಷ್ಟು’ ಎಂಬವುಗಳಿಗೆ ಏಕವಚನ ಬಹುವಚನಗಳಿಲ್ಲ. ಆದರೂ ಅವಕ್ಕೆ ‘ರಿ’ ಹತ್ತುವುದು.

‘ನಾ ನಾಳೆ ಬರ್ತೀನ್ರಿ’ ಎಂಬ ವಾಕ್ಯವನ್ನು ನೋಡಿರಿ. ಬರುವವನು ‘ನಾನು’, ಕ್ರಿಯಾಪದವು ಉತ್ತಮ ಪುರುಷದ ಏಕವಚನ. ಹಾಗಿದ್ದರೆ ಬಹುವಚನದಿಂದ ಹುಟ್ಟಿದ ಈ ‘ರಿ’ ಯಾರಿಗೆ ಸಂಬಂಧಿಸಿದ್ದು? ವಾಕ್ಯದೊಳಗೆ ಎಲ್ಲಿಯೂ ಇಲ್ಲದ, ಎದುರಿಗೆ ನಿಂತು ಕೇಳುತ್ತಿರುವ ವ್ಯಕ್ತಿಗೆ. ವಾಕ್ಯದ ಕರ್ತೃವೂ ಅಲ್ಲದ, ಕರ್ಮವೂ ಅಲ್ಲದ ಶ್ರೋತೃವನ್ನು ಹೀಗೆ ವ್ಯಾಕರಣದ ಮೂಲಕವೇ ಗುರುತಿಸುವ ಪದ್ಧತಿಯು ಲೋಕದ ಕೆಲವು ಭಾಷೆಗಳಲ್ಲಿ ಮಾತ್ರ ಇದೆ. ಸ್ಪೇನ್ ಮತ್ತು ಫ್ರಾನ್ಸ್ ದೇಶಗಳ ಗಡಿಯಲ್ಲಿರುವ ಬಾಸ್ಕ್ ಭಾಷೆಯಲ್ಲಿ ಆಪ್ತರೊಡನೆ ಆಡುವಾಗ, ಕೇಳುವವರು ಗೆಳೆಯರೋ ಗೆಳತಿಯರೋ ಎಂಬುದನ್ನನುಸರಿಸಿ ಕ್ರಿಯಾಪದದ ರೂಪವೇ ಬದಲಾಗುವುದು. ನಮ್ಮ ನೆರೆಯ ತಮಿಳಿನ ಆಡುಮಾತಿನಲ್ಲಿ ‘ಆಮಾಂಗ’ ಎನ್ನುವಾಗ ಕೊನೆಗೆ ಕೇಳಿಬರುವ ‘ಂಗ’ ಎಂಬುದು ನಮ್ಮ ‘ಹೌದ್ರಿ’ಯ ‘ರಿ’ ಮಾಡುವ ಕೆಲಸವನ್ನೇ ಮಾಡುವುದು. ಅದೂ ಬಹುವಚನ ಪ್ರತ್ಯಯದಿಂದಲೇ ಹುಟ್ಟಿದ್ದು.

ಇಟಾಲಿಯನ್ ಭಾಷೆಗೆ ಈ ಅನುಕೂಲವಿಲ್ಲ. ಅಲ್ಲಿ ‘ಹೌದು’ ಎಂಬುದಕ್ಕೆ ‘ಸೀ’ ಎಂಬ ಒಂದೇ ಶಬ್ದ. ಮಗುವಿಗೂ ‘ಸೀ’, ನ್ಯಾಯಾಧೀಶರಿಗೂ ‘ಸೀ’. ಬೈಲಹೊಂಗಲದ ವಿದ್ಯಾರ್ಥಿಗೆ ಈ ‘ಸೀ’ ತಲೆಯ ಮೇಲಿನ ರುಮಾಲು ಇಲ್ಲದಂತೆ ಬೋಳಾಗಿ ಕಂಡರೆ ಆಶ್ಚರ್ಯವಿಲ್ಲ. ಇಟಲಿಯವರಿಗೂ ಕೆಲವು ವೇಳೆ ಹಾಗೆ ಅನಿಸುವುದರಿಂದಲೇ ಅವರು ಅದಕ್ಕೆ ಒಂದು ಸಂಬೋಧನೆಯನ್ನು ಜೋಡಿಸಿ, ‘ಸೀ, ಸಿನ್ಯೋರ’ ಎನ್ನುವರು. ‘ಸಿನ್ಯೋರ’ ಎಂದರೆ ಅಮ್ಮನವರೆ ಎಂಬಂತಹ ಗೌರವದ ಮಾತು. ನಾವು ಒಂದು ಅಕ್ಷರದಿಂದ ಮಾಡುವ ಕೆಲಸವನ್ನು ಅವರು ಒಂದು ಪದದಿಂದ ಮಾಡುವರು. ಇಟಾಲಿಯನ್ ಕಲಿಯುವ ನಮ್ಮ ವಿದ್ಯಾರ್ಥಿಗಳು ಇದನ್ನು ಗುರುತಿಟ್ಟುಕೊಳ್ಳಬೇಕು: ‘ರಿ’ ಎನ್ನಬೇಕೆಂದು ಮನಸ್ಸು ತುಡಿದಲ್ಲಿ ‘ಸಿನ್ಯೋರ’ ಅಥವಾ ‘ಸಿನ್ಯೋರೆ’ ಎಂದರೆ ಸರಿಹೋಗುವುದು.

ಸವದತ್ತಿಯ ಜಾತ್ರೆಯಲ್ಲಿ ಕೇಳುವ ಪ್ರಶ್ನೆಗಳು

ಬೈಲಹೊಂಗಲದಿಂದ ಸವದತ್ತಿಗೆ ಹೋಗೋಣ. ಅಲ್ಲಿಯ ಯಲ್ಲಮ್ಮನ ಗುಡ್ಡಕ್ಕೆ ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳ ಕಾಲದಲ್ಲಿ ಕರ್ನಾಟಕದಿಂದಲೂ ಮಹಾರಾಷ್ಟ್ರದಿಂದಲೂ ಲಕ್ಷಾಂತರ ಜನ ಬರುವರು. ‘ಉಧೋ ಉಧೋ’ ಎಂಬ ಘೋಷದ ನಡುವೆ, ಹಿಂದೆಂದೂ ಕಾಣದ, ಮುಂದೆಂದೂ ಕಾಣಲಾರದ ಮನುಷ್ಯರು ಒಂದೇ ಮರದ ನೆರಳಿನಲ್ಲಿ ಬುತ್ತಿ ಬಿಚ್ಚುವರು. ಇವರು ಒಬ್ಬರನ್ನೊಬ್ಬರು ಹೇಗೆ ಮಾತನಾಡಿಸುವರು?

ಮೊದಲನೆಯದಾಗಿ, ಅಪರಿಚಿತರನ್ನು ನೆಂಟರನ್ನಾಗಿ ಮಾಡಿಕೊಳ್ಳುವರು. ‘ಅಕ್ಕಾರ, ಸ್ವಲ್ಪ ಸರೀರಿ’, ‘ಕಾಕಾ, ನೀರು ಎಲ್ಲಿ ಸಿಗತಾವ್ರಿ?’, ‘ತಂಗೀ, ಕೂಸಿನ್ನ ಎತ್ತಿಕೋ’, ‘ಯವ್ವಾ, ಬಾ ಇಲ್ಲಿ ನೆರಳಿಗೆ’. ಬಂಧುತ್ವದ ಪದವೊಂದು ಮುಂದೆ ಬಂದಿತೆಂದರೆ ಮಾತು ಮೆತ್ತಗಾಗುವುದು. ಅದರ ಬಲದಿಂದ ‘ಬಾ’ ಎಂಬ ಏಕವಚನವೂ ಪ್ರೀತಿಯಾಗುವುದು.

ಎರಡನೆಯದಾಗಿ, ಪ್ರಶ್ನೆಗಳನ್ನು ಕೇಳುವರು. ‘ಯಾವೂರ್ರಿ?’, ‘ಆರಾಮ ಅದೀರೇನ್ರಿ?’, ‘ಊಟ ಆತೇನ್ರಿ?’, ‘ದೂರ ಹೊಂಟೀರೇನ್ರಿ?’. ‘ಎಲ್ಲಿಗೆ?’ ಎಂದು ಕೇಳಿದರೆ ಹೋದ ಕೆಲಸ ಆಗುವುದಿಲ್ಲವೆಂಬ ನಂಬಿಕೆಯಿಂದ ‘ದೂರ’ ಎಂಬ ಶಬ್ದವನ್ನು ಬಳಸುವರು. ಹೊಸದಾಗಿ ಕಲಿಯುವವನು ಈ ಪ್ರಶ್ನೆಗಳನ್ನು ನಿಜವಾದ ಪ್ರಶ್ನೆಗಳೆಂದು ಭಾವಿಸಿ ತಾನು ಎಲ್ಲಿಗೆ, ಯಾವ ಕೆಲಸಕ್ಕೆ, ಎಷ್ಟು ದಿನಕ್ಕೆ ಹೋಗುತ್ತಿರುವೆನೆಂಬ ವರದಿಯನ್ನು ಒಪ್ಪಿಸಲು ಹೊರಡುವನು. ಅಥವಾ ‘ಇವರಿಗೇಕೆ ನನ್ನ ಊಟದ ಚಿಂತೆ?’ ಎಂದು ಬೇಸರಪಡುವನು. ಎರಡೂ ಸಲ್ಲದು. ‘ಹೂಂನ್ರಿ, ನಿಮ್ದು ಆತೇನ್ರಿ?’ ಎಂದರೆ ಉತ್ತರ ಪೂರ್ಣವಾಯಿತು.

ಮಾನವಶಾಸ್ತ್ರಜ್ಞ ಬ್ರಾನಿಸ್ಲಾವ್ ಮಾಲಿನೋವ್‌ಸ್ಕಿಯು ಪೆಸಿಫಿಕ್ ಸಾಗರದ ಟ್ರೋಬ್ರಿಯಾಂಡ್ ದ್ವೀಪಗಳಲ್ಲಿ ನೆಲಸಿ ಅಲ್ಲಿಯ ಜನಜೀವನವನ್ನು ಅಭ್ಯಾಸ ಮಾಡಿದವನು. ಸುದ್ದಿಯನ್ನು ತಿಳಿಸುವುದಕ್ಕಲ್ಲದೆ ಬರಿಯ ಸಂಬಂಧವನ್ನು ಕಟ್ಟುವುದಕ್ಕಾಗಿಯೇ ಆಡುವ ಇಂತಹ ಮಾತುಗಳ ವಿಷಯವನ್ನು ಅವನು ೧೯೨೩ರಲ್ಲಿ ಪ್ರತಿಪಾದಿಸಿದನು. ಮನುಷ್ಯರ ನಡುವಿನ ಮೌನವು ಅನೇಕ ಸಮಾಜಗಳಲ್ಲಿ ಅನುಮಾನಕ್ಕೆ ಎಡೆಗೊಡುತ್ತದೆ. ಅದನ್ನು ಮುರಿಯುವುದೇ ಈ ಮಾತುಗಳ ಪ್ರಯೋಜನವೆಂದು ಅವನ ಅಭಿಪ್ರಾಯ. ‘ಊಟ ಆತೇನ್ರಿ?’ ಎಂಬುದರ ಅರ್ಥ ಊಟದಲ್ಲಿಲ್ಲ. ‘ನಿಮ್ಮನ್ನು ಕಂಡೆ, ನಮ್ಮಲ್ಲಿ ವೈರವಿಲ್ಲ’ ಎಂಬುದರಲ್ಲಿದೆ.

ಇಟಲಿಯವರ ‘ಕೋಮೆ ಸ್ತಾಯಿ?’ ಎಂಬುದೂ ಹೀಗೆಯೇ. ‘ಹೇಗಿದ್ದೀ?’ ಎಂದು ಅದರ ಅರ್ಥ. ಗೌರವದಿಂದ ಕೇಳುವಾಗ ಅದೇ ಮಾತು ‘ಕೋಮೆ ಸ್ತಾ?’ ಎಂದಾಗುವುದು. ಉತ್ತರವು ಚಿಕ್ಕದಾಗಿದ್ದು, ಪ್ರಶ್ನೆಯನ್ನು ಕೇಳಿದವರಿಗೆ ಹಿಂತಿರುಗಿಸಬೇಕು.

ಅಗಲುವಾಗಿನ ಮಾತಿನಲ್ಲಿ ಎರಡು ನಾಡುಗಳಿಗೂ ಇನ್ನೊಂದು ಸಾಮ್ಯವಿದೆ. ನಮ್ಮಲ್ಲಿ ಮನೆಯಿಂದ ಹೊರಡುವವರು ‘ಹೋಗ್ತೀನಿ’ ಎನ್ನುವುದಿಲ್ಲ. ‘ಹೋಗಿ ಬರ್ತೀನ್ರಿ’ ಎನ್ನುವರು. ಇಟಲಿಯವರು ‘ಅರ್ರಿವೆದೇರ್ಚಿ’ ಎನ್ನುವರು. ‘ಮತ್ತೆ ಪರಸ್ಪರ ನೋಡುವವರೆಗೆ’ ಎಂದು ಅದರ ಪದಾರ್ಥ. ಹೋಗುವ ಮಾತನ್ನು ಮರೆಸಿ ಮರಳಿ ಬರುವ ಮಾತನ್ನು ಮುಂದಿಡುವುದೇ ಎರಡರ ಉದ್ದೇಶ. ಆದರೆ ಹೊತ್ತನ್ನು ಹಿಡಿದು ಹಾರೈಸುವ ಪದ್ಧತಿ ಇಟಲಿಯಲ್ಲಿರುವಂತೆ ನಮ್ಮ ಆಡುಮಾತಿನಲ್ಲಿಲ್ಲ. ಅವರು ಹಗಲಿನಲ್ಲಿ ‘ಬ್ವೊನ್ ಜೋರ್ನೊ’ ಎಂದೂ ಸಂಜೆಗೆ ‘ಬ್ವೊನ ಸೇರ’ ಎಂದೂ ಹೇಳುವರು. ‘ಬ್ವೊನ ನೊತ್ತೆ’ ಎಂಬುದನ್ನು ರಾತ್ರಿ ಅಗಲುವಾಗ ಮಾತ್ರ ಹೇಳುವರು, ಭೇಟಿಯಾದಾಗ ಹೇಳುವುದಿಲ್ಲ. ಪುಸ್ತಕದಿಂದ ಕನ್ನಡ ಕಲಿತವನು ಸವದತ್ತಿಯ ಪೇಟೆಯಲ್ಲಿ ಹೂವಿನವಳಿಗೆ ‘ಶುಭೋದಯ’ ಎಂದರೆ, ಅವಳು ಅದನ್ನು ರೇಡಿಯೋದ ಮಾತೆಂದು ತಿಳಿದಾಳು.

ರಾಮದುರ್ಗದ ಮೂರು ಮೆಟ್ಟಿಲುಗಳು

ಸವದತ್ತಿಯ ನೆರೆಯ ರಾಮದುರ್ಗವು ೧೯೪೮ರವರೆಗೆ ಒಂದು ಸಣ್ಣ ಸಂಸ್ಥಾನವಾಗಿತ್ತು. ಅದನ್ನಾಳಿದ ಭಾವೆ ಮನೆತನದ ಮಾತು ಮರಾಠಿ. ಪ್ರಜೆಗಳ ಮಾತು ಕನ್ನಡ. ಎರಡು ಭಾಷೆಗಳು ಬಹುಕಾಲ ಒಂದೇ ಅಂಗಳದಲ್ಲಿ ಕೂಡಿ ಬಾಳಿದ ಇಂತಹ ಊರು ನಮ್ಮ ವಿಷಯಕ್ಕೆ ಒಳ್ಳೆಯ ಪಾಠಶಾಲೆ. ಮರಾಠಿಯಲ್ಲಿ ಎದುರಿನವರನ್ನು ಕರೆಯಲು ‘ತೂ’, ‘ತುಮ್ಹೀ’, ‘ಆಪಣ’ ಎಂಬ ಮೂರು ಮೆಟ್ಟಿಲುಗಳಿವೆ. ಕನ್ನಡದಲ್ಲಿಯೂ ‘ನೀನು’, ‘ನೀವು’, ‘ತಾವು’ ಎಂಬ ಮೂರಿವೆ. ಇವುಗಳಲ್ಲಿ ಮೂರನೆಯದನ್ನು ಸ್ವಲ್ಪ ಪರೀಕ್ಷಿಸಿ ನೋಡತಕ್ಕದ್ದು.

‘ಅವರು ತಾವೇ ಬಂದರು’ ಎಂಬಲ್ಲಿ ‘ತಾವು’ ಎಂಬುದು ಪ್ರಥಮ ಪುರುಷಕ್ಕೆ, ಎಂದರೆ ಎದುರಿಗಿಲ್ಲದವರಿಗೆ ಸೇರಿದ ಆತ್ಮಾರ್ಥಕ ಸರ್ವನಾಮ. ಅದನ್ನೇ ಎದುರಿಗಿರುವವರಿಗೆ ತಿರುಗಿಸಿ ‘ತಾವು ಯಾವಾಗ ಬಂದಿರಿ?’ ಎನ್ನುವಾಗ ಅದು ಅತಿಶಯವಾದ ಗೌರವವಾಗುವುದು. ಮರಾಠಿಯ ‘ಆಪಣ’ವೂ ಆತ್ಮಾರ್ಥಕವೇ. ಎದುರಿನವರ ಮುಖವನ್ನು ನೇರವಾಗಿ ನೋಡದೆ, ದೂರದಲ್ಲಿರುವವರನ್ನು ಕುರಿತು ಮಾತನಾಡುವಂತೆ ನಟಿಸುವುದು ಇದರ ಒಳಗುಟ್ಟು.

ಇಟಾಲಿಯನ್ ಭಾಷೆ ಇದೇ ಉಪಾಯವನ್ನು ಬೇರೆ ದಾರಿಯಿಂದ ಹಿಡಿಯಿತು. ಅಲ್ಲಿ ಆಪ್ತರಿಗೆ ‘ತೂ’. ಇದು ಮರಾಠಿಯ ‘ತೂ’ವಿಗೆ ದೂರದ ದಾಯಾದಿ, ಎರಡರ ಮೂಲವೂ ಒಂದೇ. ಗೌರವಕ್ಕೆ ‘ಲೇಯಿ’. ‘ಲೇಯಿ’ ಎಂದರೆ ‘ಅವಳು’! ಒಡೆತನ, ಪ್ರಭುತ್ವ ಎಂಬರ್ಥದ ಸ್ತ್ರೀಲಿಂಗದ ಪದದಿಂದ ‘ತಮ್ಮ ಪ್ರಭುತ್ವವು’ ಎಂದು ದೊಡ್ಡವರನ್ನು ಸಂಬೋಧಿಸುತ್ತಿದ್ದುದರಿಂದ, ಆ ಪದಕ್ಕೆ ಬದಲಾಗಿ ನಿಂತ ‘ಅವಳು’ ಎಂಬ ಸರ್ವನಾಮವೇ ಗಂಡಸರಿಗೂ ಹೆಂಗಸರಿಗೂ ಸಮಾನವಾದ ಗೌರವವಾಚಕವಾಯಿತು. ನಮ್ಮ ಹುಡುಗರು ಇಲ್ಲಿ ಎಚ್ಚರದಿಂದಿರಬೇಕು. ಬೈಲಹೊಂಗಲದಲ್ಲಿ ‘ಲೇ’ ಎಂಬುದು ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲು. ‘ಬಾರಲೇ’ ಎಂದು ಕರೆಯಬಲ್ಲವರು ಜೊತೆಯಲ್ಲಿ ಆಡಿ ಬೆಳೆದ ಗೆಳೆಯರು ಮಾತ್ರ, ಬೇರೆಯವರು ಹಾಗೆಂದರೆ ಜಗಳವೇ ಆದೀತು. ಇಟಲಿಯ ‘ಲೇಯಿ’ ಎಲ್ಲಕ್ಕಿಂತ ಮೇಲಿನ ಮೆಟ್ಟಿಲು.

ಈ ಮೆಟ್ಟಿಲುಗಳನ್ನು ಆಜ್ಞೆಯಿಂದ ಬದಲಿಸಬಹುದೆ? ಇಟಲಿಯ ಫ್ಯಾಸಿಸ್ಟ್ ಸರಕಾರವು ೧೯೩೮ರಲ್ಲಿ ಹಾಗೆ ಪ್ರಯತ್ನಿಸಿತು. ‘ಲೇಯಿ’ ಎಂಬುದು ಪರದೇಶದ ದಾಸ್ಯದ ಗುರುತೆಂದು ಸಾರಿ, ಅದಕ್ಕೆ ಬದಲಾಗಿ ‘ವೋಯಿ’ ಎಂಬ ಬಹುವಚನವನ್ನು ಬಳಸಬೇಕೆಂದು ವಿಧಿಸಿತು. ‘ಲೇಯಿ’ ಎಂಬ ಹೆಸರಿನ ಮಹಿಳಾ ಪತ್ರಿಕೆಯೊಂದು, ಆ ಹೆಸರಿಗೆ ‘ಅವಳು’ ಎಂಬ ಸರಳವಾದ ಅರ್ಥವಿದ್ದರೂ, ‘ಅನ್ನಬೆಲ್ಲ’ ಎಂದು ಹೆಸರು ಬದಲಿಸಿಕೊಳ್ಳಬೇಕಾಯಿತು. ಆ ಸರಕಾರ ಬಿದ್ದುಹೋದ ಮೇಲೆ ಜನರು ಮತ್ತೆ ‘ಲೇಯಿ’ ಎಂದೇ ಮಾತನಾಡಿದರು. ಇಂದಿಗೂ ಅದೇ ರೂಢಿ. ದಕ್ಷಿಣ ಇಟಲಿಯ ಕೆಲವೆಡೆ ಮಾತ್ರ ಹಳೆಯ ಕಾಲದಿಂದಲೂ ಇದ್ದ ‘ವೋಯಿ’ ಉಳಿದಿದೆ.

ಈಗ ಚಾವೊ ಎಂಬುದರ ನಿಯಮವು ತಾನಾಗಿ ತಿಳಿಯುವುದು. ಯಾರೊಡನೆ ‘ತೂ’ ಎಂಬ ಸಲಿಗೆಯಿದೆಯೋ ಅವರಿಗೆ ಚಾವೊ. ಯಾರೊಡನೆ ‘ಲೇಯಿ’ ಇದೆಯೋ ಅವರಿಗೆ ‘ಬ್ವೊನ್ ಜೋರ್ನೊ’. ಸಮವಯಸ್ಕರಾದ ವಿದ್ಯಾರ್ಥಿಗಳು ಮೊದಲ ಭೇಟಿಯಲ್ಲಿಯೇ ಪರಸ್ಪರ ಚಾವೊ ಎನ್ನುವರು. ಅಂಗಡಿಯ ವೃದ್ಧರಿಗೆ, ಪ್ರಾಧ್ಯಾಪಕರಿಗೆ, ಗೆಳೆಯನ ತಾಯಿಗೆ ಹೊಸಬನು ಹಾಗೆನ್ನಬಾರದು. ಯಾವುದೆಂದು ತೋಚದಿದ್ದಲ್ಲಿ ‘ಸಾಲ್ವೆ’ ಎಂಬ ನಡುವಣ ದಾರಿಯೊಂದಿದೆ. ‘ಕ್ಷೇಮವಾಗಿರು’ ಎಂಬರ್ಥದ ಹಳೆಯ ಲ್ಯಾಟಿನ್ ಮಾತು ಅದು. ಇಂದು ಅದರಲ್ಲಿ ಅತಿಸಲಿಗೆಯೂ ಇಲ್ಲ, ಅತಿವಿನಯವೂ ಇಲ್ಲ.

ನಾವು ಮಾಡಿದ ತಪ್ಪು

ನಾವು ಬೈಲಹೊಂಗಲಕ್ಕೆ ಬಂದ ಮೊದಲ ವರ್ಷ. ಪಾಠ ಹೇಳುವ ಕೆಲಸ. ಸಂಜೆ ಅಡತಿ ಅಂಗಡಿಯೊಂದರ ಕಟ್ಟೆಯ ಮೇಲೆ ಕುಳಿತು ಪೇಟೆಯ ಮಾತನ್ನು ಕೇಳುವುದು ಅಭ್ಯಾಸವಾಗಿತ್ತು. ಭಾಷೆಯನ್ನು ಪುಸ್ತಕದಿಂದಲ್ಲ, ಜನರ ಬಾಯಿಂದ ಕಲಿಯಬೇಕೆಂಬ ಹುಮ್ಮಸ್ಸು ನಮಗಿತ್ತು. ಆ ಅಂಗಡಿಯಲ್ಲಿ ಮೂಟೆ ಹೊರುವ ಹಮಾಲರೊಬ್ಬರಿದ್ದರು. ವಯಸ್ಸು ಅರುವತ್ತನ್ನು ದಾಟಿತ್ತು. ಅಂಗಡಿಯ ಯಜಮಾನರಿಂದ ಹಿಡಿದು ಅವರ ಹತ್ತು ವರ್ಷದ ಮಗನವರೆಗೆ ಎಲ್ಲರೂ ಅವರನ್ನು ‘ಬಾ, ಹೋಗು’ ಎಂದೇ ಮಾತನಾಡಿಸುತ್ತಿದ್ದರು. ಅವರು ಆ ಹುಡುಗನಿಗೂ ‘ಹೂಂನ್ರಿ’ ಎನ್ನುತ್ತಿದ್ದರು. ನಾವು ಕೇಳಿದ್ದನ್ನು ಕೇಳಿದ ಹಾಗೆ ಕಲಿತೆವು. ನಮ್ಮ ಪುಸ್ತಕದ ಪೆಟ್ಟಿಗೆಯನ್ನು ಮನೆಗೆ ಸಾಗಿಸಬೇಕಾದ ದಿನ, ಊರ ಮಾತು ನಾಲಗೆಗೆ ಹತ್ತಿತೆಂಬ ಹೆಮ್ಮೆಯಿಂದಲೇ, ‘ಬಾ ಇಲ್ಲಿ, ಇದನ್ನ ತಗೋ’ ಎಂದೆವು. ಅವರು ‘ಹೂಂನ್ರಿ’ ಎಂದು ಪೆಟ್ಟಿಗೆಯನ್ನು ಹೊತ್ತರು.

ಮರುದಿನ ತರಗತಿ ಮುಗಿದ ಮೇಲೆ ಒಬ್ಬ ವಿದ್ಯಾರ್ಥಿ ಬಾಗಿಲಲ್ಲಿ ನಿಂತಿದ್ದನು. ಬಹಳ ಹೊತ್ತು ತಡೆದು, ‘ಸರ, ನಮ್ಮ ಅಜ್ಜಗ ನೀವೂ ಬಾ, ಹೋಗು ಅಂತೀರೇನ್ರಿ?’ ಎಂದು ಕೇಳಿದನು. ಅಷ್ಟು ಹೇಳಿ ಹೊರಟುಹೋದನು. ಆ ಪ್ರಶ್ನೆಯ ಕೊನೆಯಲ್ಲಿಯೂ ‘ರಿ’ ಇತ್ತು.

ಉಚ್ಚಾರಣೆಯಲ್ಲಿ ನಮ್ಮ ತಪ್ಪಿರಲಿಲ್ಲ, ವ್ಯಾಕರಣದಲ್ಲಿ ತಪ್ಪಿರಲಿಲ್ಲ, ರೂಢಿಯಲ್ಲಿಯೂ ತಪ್ಪಿರಲಿಲ್ಲ. ತಪ್ಪಿದ್ದುದು ಆ ರೂಢಿಯೊಳಗೆ. ನಾವು ಭಾಷೆಯನ್ನು ಕಲಿತೆವೆಂದು ತಿಳಿದಿದ್ದೆವು, ಕಲಿತದ್ದು ಮೇಲುಕೀಳನ್ನು.

ಇದನ್ನು ಶಾಸ್ತ್ರೀಯವಾಗಿ ವಿವರಿಸಿದವರು ರೋಜರ್ ಬ್ರೌನ್ ಮತ್ತು ಆಲ್ಬರ್ಟ್ ಗಿಲ್ಮನ್ ಎಂಬ ಅಮೆರಿಕದ ವಿದ್ವಾಂಸರು. ಇಟಾಲಿಯನ್, ಫ್ರೆಂಚ್, ಜರ್ಮನ್ ಮುಂತಾದ ಭಾಷೆಗಳ ಮಧ್ಯಮ ಪುರುಷದ ಸರ್ವನಾಮಗಳನ್ನು ಕುರಿತು ಅವರು ೧೯೬೦ರಲ್ಲಿ ಒಂದು ಪ್ರಬಂಧವನ್ನು ಪ್ರಕಟಿಸಿದರು. ಅವರ ಪ್ರಕಾರ ಏಕವಚನ ಬಹುವಚನಗಳ ಆಯ್ಕೆಯ ಹಿಂದೆ ಎರಡು ಶಕ್ತಿಗಳಿವೆ. ಒಂದು ಅಧಿಕಾರ: ಮೇಲಿನವನು ಕೆಳಗಿನವನಿಗೆ ಏಕವಚನವನ್ನು ಕೊಡುವನು, ಬಹುವಚನವನ್ನು ಪಡೆಯುವನು, ಕೊಡುವುದೂ ಪಡೆಯುವುದೂ ಸಮವಾಗಿರುವುದಿಲ್ಲ. ಇನ್ನೊಂದು ಒಗ್ಗಟ್ಟು: ಇಬ್ಬರೂ ಒಂದೇ ರೂಪವನ್ನು ಕೊಟ್ಟು ಒಂದೇ ರೂಪವನ್ನು ಪಡೆಯುವರು. ಅದೇ ೧೯೬೦ರಲ್ಲಿ ವಿಲಿಯಂ ಮೆಕಾರ್ಮಕ್ ಎಂಬ ವಿದ್ವಾಂಸರು ನಮ್ಮ ಪಕ್ಕದ ಧಾರವಾಡದ ಕನ್ನಡದಲ್ಲಿರುವ ಸಾಮಾಜಿಕ ಉಪಭಾಷೆಗಳನ್ನು ಕುರಿತು ಬರೆದ ಪ್ರಬಂಧವೂ ಪ್ರಕಟವಾಯಿತು. ಒಂದೇ ಊರಿನಲ್ಲಿ ಜಾತಿಯಿಂದ ಜಾತಿಗೆ ಮಾತು ಬೇರಾಗುವುದನ್ನು ಹೊರಗಿನಿಂದ ಬಂದ ಕಿವಿಗಳು ಗಮನಿಸಿದ್ದವು.

ಏಕವಚನವೆಲ್ಲವೂ ಅವಮಾನವೆಂದು ಇದರಿಂದ ತಿಳಿಯಬಾರದು. ಈ ಸೀಮೆಯಲ್ಲಿ ಮಕ್ಕಳು ತಾಯಿಗೆ ‘ಯವ್ವಾ, ನೀ ಉಣ್ಣು ಬಾ’ ಎನ್ನುವರು. ದೇವರನ್ನು ‘ನೀನು’ ಎಂದೇ ಕರೆಯುವರು. ಬೈಲಹೊಂಗಲ ತಾಲ್ಲೂಕಿನ ಸಂಗೊಳ್ಳಿಯಲ್ಲಿ ಹುಟ್ಟಿ ೧೮೩೧ರಲ್ಲಿ ನಂದಗಡದಲ್ಲಿ ಗಲ್ಲಿಗೇರಿದ ರಾಯಣ್ಣನು ಲಾವಣಿಗಾರರ ಬಾಯಲ್ಲಿ ಏಕವಚನದಲ್ಲಿಯೇ ಬರುವನು, ಹೋಗುವನು. ಇಲ್ಲಿ ಏಕವಚನವು ಹತ್ತಿರದ ಗುರುತು. ಒಂದೇ ‘ಬಾ’ ಒಮ್ಮೆ ತಬ್ಬಿಕೊಳ್ಳುವುದು, ಒಮ್ಮೆ ತಳ್ಳುವುದು. ಹಾಗಾದರೆ ಕಲಿಯುವವನು ಇವೆರಡನ್ನು ಬೇರ್ಪಡಿಸುವುದು ಹೇಗೆ?

ಕಿತ್ತೂರಿನ ದಾರಿಯಲ್ಲಿ ಒಂದು ಉತ್ತರ

ಇದಕ್ಕೆ ಉತ್ತರವು ನಮಗೆ ದೊರೆತದ್ದು ಕಿತ್ತೂರಿನ ಸೀಮೆಯಲ್ಲಿ ಎಲ್ಲರೂ ಬಲ್ಲ ಒಂದು ಕಥೆಯಲ್ಲಿ. ಕಿತ್ತೂರೆಂದೊಡನೆ ೧೮೨೪ರ ಯುದ್ಧವೂ ರಾಣಿ ಚೆನ್ನಮ್ಮನೂ ನೆನಪಿಗೆ ಬರುವುದು ಸಹಜ. ಆದರೆ ಈ ಸೀಮೆಗೆ ಅದಕ್ಕಿಂತ ಹಳೆಯದಾದ ಇನ್ನೊಂದು ನೆನಪಿದೆ. ೧೨ನೆಯ ಶತಮಾನದಲ್ಲಿ ಕಲ್ಯಾಣದಿಂದ ಚದುರಿದ ಶರಣರು ಉಳವಿಯ ಕಡೆಗೆ ಸಾಗಿದ ದಾರ್ಯು ಇದೇ ಎಂದು ಪ್ರತೀತಿ. ಕಿತ್ತೂರಿನ ಬಳಿ ಮುಗುಟಖಾನ ಹುಬ್ಬಳ್ಳಿಯಲ್ಲಿ ಮಲಪ್ರಭೆಯ ನೀರಿನ ನಡುವೆ ಬಸವಣ್ಣನವರ ಪತ್ನಿ ಗಂಗಾಂಬಿಕೆಯ ಐಕ್ಯಸ್ಥಳವನ್ನು ಜನರು ಇಂದಿಗೂ ದರ್ಶಿಸುವರು. ಇಲ್ಲಿ ದಿನಬಳಕೆಯ ವಂದನೆಯಾಗಿರುವ ‘ಶರಣ್ರಿ’ ಎಂಬುದು ಆ ಶರಣರ ಮಾತು. ‘ಶರಣು’ ಎಂದರೆ ಆಶ್ರಯ. ‘ಶರಣಾರ್ಥಿ’ ಎಂದರೆ ಆಶ್ರಯವನ್ನು ಬೇಡುವವನು. ಚಾವೊ ಎಂಬಂತೆ ಇದನ್ನೂ ಭೇಟಿಯಲ್ಲಿಯೂ ಹೇಳುವರು, ಅಗಲಿಕೆಯಲ್ಲಿಯೂ ಹೇಳುವರು.

ಕಥೆಯು ಹೀಗಿದೆ. ಕಲ್ಯಾಣದಲ್ಲಿ ಸಮಗಾರ ಕುಲದ ಹರಳಯ್ಯನು ಎದುರಿಗೆ ಬಂದ ಬಸವಣ್ಣನವರಿಗೆ ‘ಶರಣು’ ಎಂದನು. ರಾಜನ ಮಂತ್ರಿಯಾಗಿದ್ದ ಬಸವಣ್ಣನವರು ‘ಶರಣು ಶರಣಾರ್ಥಿ’ ಎಂದು ಮರುವಂದನೆ ಮಾಡಿದರು. ಒಂದಕ್ಕೆ ಎರಡು ಬಂದಿತು. ಹರಳಯ್ಯನಿಗೆ ಆ ಹೆಚ್ಚಿನ ಒಂದು ಶಬ್ದವು ತೀರಿಸಲಾಗದ ಸಾಲವಾಯಿತು. ಅವನೂ ಅವನ ಹೆಂಡತಿ ಕಲ್ಯಾಣಮ್ಮನೂ ತಮ್ಮ ತೊಡೆಯ ಚರ್ಮದಿಂದ ಪಾದರಕ್ಷೆಗಳನ್ನು ಮಾಡಿ ತಂದರೆಂದು ಪರಂಪರೆ ಹೇಳುವುದು. ವಂದನೆಯು ಕೆಳಗಿನಿಂದ ಮೇಲಕ್ಕೆ ಮಾತ್ರ ಹೋಗುತ್ತಿದ್ದ ಸಮಾಜದಲ್ಲಿ ಅದು ಮೇಲಿನಿಂದ ಮರಳಿ ಬಂದುದೇ ಆ ಕಥೆಯ ಜೀವಾಳ.

ಈಗ ಚಾವೊ ಎಂಬುದರ ಹುಟ್ಟನ್ನು ನೋಡೋಣ. ವೆನಿಸ್ ನಗರದ ಆಡುಮಾತಿನಲ್ಲಿ ಅದು ಮೊದಲು ‘ಸ್ಚಾವೊ’ ಎಂದಿತ್ತು. ಅರ್ಥ ‘ಗುಲಾಮ’, ‘ನಾನು ತಮ್ಮ ಗುಲಾಮ’ ಎಂಬ ಪೂರ್ಣ ವಂದನೆಯ ಸವೆದ ತುಂಡು ಅದು. ಮಧ್ಯಯುಗದಲ್ಲಿ ಸೆರೆಯಾಗಿ ಮಾರಾಟವಾಗುತ್ತಿದ್ದ ಸ್ಲಾವ್ ಜನಾಂಗದ ಹೆಸರೇ ಆ ಶಬ್ದದ ಮೂಲ. ಆಸ್ಟ್ರಿಯ, ಬವೇರಿಯಗಳಲ್ಲಿ ಗೆಳೆಯರು ಹೇಳುವ ‘ಸೆರ್ವುಸ್’ ಎಂಬುದಕ್ಕೂ ಲ್ಯಾಟಿನ್ನಿನಲ್ಲಿ ದಾಸನೆಂದೇ ಅರ್ಥ. ದಾಸ್ಯದ ಶಬ್ದವು ಸ್ನೇಹದ ಶಬ್ದವಾದುದು ಹೇಗೆ? ಒಬ್ಬನು ‘ನಾನು ನಿನ್ನ ದಾಸ’ ಎಂದು, ಇನ್ನೊಬ್ಬನು ಸುಮ್ಮನಿದ್ದರೆ ಅದು ದಾಸ್ಯ. ಇಬ್ಬರೂ ಒಬ್ಬರಿಗೊಬ್ಬರು ಹಾಗೆ ಹೇಳಿಕೊಂಡರೆ ಯಜಮಾನನೇ ಉಳಿಯಲಿಲ್ಲ. ‘ಶರಣು’ವಿನ ಚರಿತ್ರೆಯೂ ಇದೇ. ಶಬ್ದದ ಅರ್ಥವನ್ನು ಬದಲಿಸಿದುದು ಅದು ಮರಳಿ ಬಂದ ಸಂಗತಿ.

ಸಮತೆಯನ್ನು ಸಾಧಿಸಲು ಭಾಷೆಗಳಿಗೆ ಎರಡು ದಾರಿಗಳಿರುವುದನ್ನೂ ಇಲ್ಲಿ ಗಮನಿಸಬಹುದು. ಸ್ವೀಡನ್ ದೇಶದಲ್ಲಿ ೧೯೬೦ರ ದಶಕದಲ್ಲಿ ಎಲ್ಲರೂ ಎಲ್ಲರನ್ನೂ ಏಕವಚನದಲ್ಲಿ ಕರೆಯುವ ಚಳುವಳಿ ನಡೆಯಿತು. ೧೯೬೭ರಲ್ಲಿ ಆರೋಗ್ಯ ಇಲಾಖೆಯ ಮುಖ್ಯಸ್ಥರಾಗಿ ಬಂದ ಬ್ರೂರ್ ರೆಕ್ಸೆಡ್ ಎಂಬವರು ತಮ್ಮ ಕಚೇರಿಯ ಎಲ್ಲರೊಡನೆಯೂ ಹಾಗೆಯೇ ಮಾತನಾಡುವೆನೆಂದು ಸಾರಿದರು. ಇಂಗ್ಲಿಷ್ ಭಾಷೆಯು ಬೇರೆ ದಾರಿ ಹಿಡಿಯಿತು. ಅದರಲ್ಲಿ ‘ದೌ’ ಎಂಬ ಏಕವಚನವು ದಿನಬಳಕೆಯಿಂದ ಮರೆಯಾಗಿ, ‘ಯೂ’ ಎಂಬ ಬಹುವಚನವೇ ಎಲ್ಲರಿಗೂ ಸಂದಿತು. ಒಂದು ಕಡೆ ಎಲ್ಲರೂ ಕೆಳಗಿಳಿದು ಸಮರಾದರು. ಇನ್ನೊಂದು ಕಡೆ ಎಲ್ಲರೂ ಮೇಲೇರಿ ಸಮರಾದರು. ‘ಶರಣ್ರಿ’ ಎಂಬುದು ಮೇಲೇರುವ ದಾರಿಯದು.

ಕಲಿಯುವವರಿಗೆ

ಇಂದು ಮೊಬೈಲಿನಲ್ಲಿಯೇ ಇಟಾಲಿಯನ್ ಕಲಿಯಬಹುದು. ಓದಿಗಾಗಿ ಮಿಲಾನ್, ತೂರಿನ್ ನಗರಗಳಿಗೆ ಹೋಗುವ ಭಾರತೀಯ ವಿದ್ಯಾರ್ಥಿಗಳೂ ಇದ್ದಾರೆ. ಅತ್ತ ಕಡೆಯಿಂದ ನೌಕರಿಗಾಗಿ ಬೈಲಹೊಂಗಲ, ರಾಮದುರ್ಗಗಳಿಗೆ ಬಂದು ಉತ್ತರದ ಕನ್ನಡವನ್ನು ಕಲಿಯುವವರೂ ಉಂಟು. ಇಬ್ಬರಿಗೂ ಹೇಳಬೇಕಾದುದು ಒಂದೇ.

ಅಪರಿಚಿತರೊಡನೆ ಮೇಲಿನ ಮೆಟ್ಟಿಲಿನಿಂದ ಪ್ರಾರಂಭಿಸಿರಿ. ಅಲ್ಲಿ ‘ಬ್ವೊನ್ ಜೋರ್ನೊ’, ಇಲ್ಲಿ ‘ನಮಸ್ಕಾರ್ರಿ’ ಅಥವಾ ‘ಶರಣ್ರಿ’. ಹೆಚ್ಚು ಗೌರವ ಕೊಟ್ಟುದಕ್ಕೆ ಜನರು ನಕ್ಕಾರು, ನೊಂದುಕೊಳ್ಳಲಾರರು. ಕೆಳಗಿನ ಮೆಟ್ಟಿಲಿಗೆ ಇಳಿಯುವ ಕರೆಯು ಎದುರಿನವರಿಂದ, ಅದರಲ್ಲಿಯೂ ಹಿರಿಯರಿಂದ ಬರಲಿ. ಇಟಲಿಯಲ್ಲಿ ‘ನಾವು ಒಬ್ಬರಿಗೊಬ್ಬರು ತೂ ಎನ್ನೋಣ’ ಎಂದು ಬಾಯಿಬಿಟ್ಟು ಹೇಳುವ ರೂಢಿಯಿದೆ. ನಮ್ಮಲ್ಲಿ ಗೆಳೆಯನು ‘ನನಗೇನ್ ರೀ ಅಂತೀಯೋ?’ ಎಂದು ಬೆನ್ನಿಗೊಂದು ಗುದ್ದುವನು. ಕರೆಯು ಬಂದಿತೆಂದು ತಿಳಿಯಿರಿ.

ಯಾವುದು ಸಲಿಗೆ, ಯಾವುದು ತಾತ್ಸಾರ ಎಂಬ ಸಂದೇಹ ಬಂದಾಗ ಒಂದೇ ಪರೀಕ್ಷೆಯನ್ನು ಮಾಡಿಕೊಳ್ಳಿರಿ. ನಾನು ಈಗ ಆಡಲಿರುವ ಈ ಶಬ್ದವನ್ನು ಎದುರಿನವರು ಅಳುಕಿಲ್ಲದೆ ನನಗೆ ಮರಳಿ ಹೇಳಬಲ್ಲರೆ? ಗೆಳೆಯನ ‘ಬಾರಲೇ’ ಮರಳಿ ಬರುವುದು, ಅದು ಸಲಿಗೆ. ತಾಯಿ ಮಗುವಿಗೆ ‘ಬಾ’ ಎಂದರೆ ಮಗುವೂ ತಾಯಿಗೆ ‘ಬಾ’ ಎನ್ನುವುದು, ಅದು ಪ್ರೀತಿ. ಸಹಪಾಠಿಯ ಚಾವೊ ಮರಳಿ ಬರುವುದು. ಹಮಾಲರಿಗೆ ನಾವು ಅಂದ ‘ಬಾ’ ಮರಳಿ ಬರುವಂತಿರಲಿಲ್ಲ. ಹಾಗೆ ಮರಳಿ ಬರಲಾರದ ಶಬ್ದವನ್ನು ಊರೆಲ್ಲ ಆಡುತ್ತಿದ್ದರೂ ಕಲಿಯುವವನು ಕಲಿಯಬೇಕಾಗಿಲ್ಲ. ಹೊಸಬನಿಗಿರುವ ಒಂದು ಭಾಗ್ಯವೆಂದರೆ, ಯಾವುದನ್ನು ಕಲಿಯಬಾರದೆಂದು ಆರಿಸಿಕೊಳ್ಳಲು ಅವನಿಗೆ ಅವಕಾಶವುಂಟು.

ವಿದ್ಯಾರ್ಥಿಯು ಕೇಳಿದ ಪ್ರಶ್ನೆಗೆ ನಾವು ಬಾಯಿಂದ ಉತ್ತರ ಕೊಡಲಿಲ್ಲ. ಮರುದಿನ ಸಂಜೆ ಅಡತಿ ಅಂಗಡಿಯ ಮುಂದೆ ನಿಂತು ‘ಶರಣ್ರಿ, ಅಜ್ಜಾರ’ ಎಂದೆವು. ಅವರು ಹಿಂದಕ್ಕೆ ತಿರುಗಿ ನೋಡಿದರು, ಬೆನ್ನ ಹಿಂದೆ ಯಾರಾದರೂ ಬಂದಿರಬೇಕೆಂದು. ಯಾರೂ ಇರಲಿಲ್ಲ. ಆಮೇಲೆ ತಲೆಯ ಮೇಲಿನ ವಸ್ತ್ರವನ್ನು ಸರಿಪಡಿಸಿಕೊಂಡು, ‘ಶರಣ್ರಿ ಸರ’ ಎಂದರು. ಅವರು ‘ರಿ’ ಎಂದುದು ಹೊಸದಲ್ಲ, ಎಲ್ಲರಿಗೂ ಅನ್ನುತ್ತಿದ್ದರು. ಆದರೆ ಆ ದಿನ ಮೊದಲ ಬಾರಿಗೆ ಅದು ಉತ್ತರವಾಗಿ ಬಂದಿತ್ತು.